ಬಾಗಿಲಾಚೆಯ ದನಿ

ಅವ್ವ,

ನೀನು ತೀರಿಹೋದ ಮೇಲೆ ಇವತ್ತೇ ನನ್ನ ಮೊದಲ ಸಂಗೀತ ಪರೀಕ್ಷೆ. ನಮ್ಮೂರು ಹದಿನಾರಿನಿಂದ ಮೈಸೂರಿನವರೆಗೂ ಬಸ್ಸಿನಲ್ಲಿ ನಿಂತೇ ಹೋದೆ. ಬೆಳಿಗ್ಗೆ ಎರಡು ಕ್ಲಾಸು, ಆಮೇಲೆ ಅಭ್ಯಾಸ, ಊಟಕ್ಕೂ ಬಿಡುವಾಗಲಿಲ್ಲ. ಮಧ್ಯಾಹ್ನ ಪರೀಕ್ಷೆಯಲ್ಲಿ ತೋಡಿ ರಾಗ ಹಾಡುವಾಗ ಯಾರೂ ಕಲಿಸದ ಒಂದು ತಿರುವು ಗಂಟಲಿಗೆ ಬಂತು. ಮದುವೆಮನೆಗಳಲ್ಲಿ ಸೋಬಾನೆ ಹಾಡುತ್ತ ಕೊನೆಗೆ ನೀನು ಎಳೆಯುತ್ತಿದ್ದೆಯಲ್ಲ, ಅದೇ.

ಪರೀಕ್ಷಕರು ತಲೆಯೆತ್ತಿದರು. "ಇದನ್ನ ಯಾರಮ್ಮ ಹೇಳಿಕೊಟ್ಟಿದ್ದು?"

ನಮ್ಮ ಸಂಗೀತದ ಮೇಡಂ ಹೆಸರು ಹೇಳಿದೆ.

ಸಂಜೆ ಮನೆ ಮುಟ್ಟುವಷ್ಟರಲ್ಲಿ ಹಾಡಿ ಹಾಡಿ ದನಿ ಒಡೆದಿತ್ತು, ಮದುವೆಮನೆಯಿಂದ ಬರುವಾಗ ನಿನ್ನದು ಒಡೆದಿರುತ್ತಿದ್ದ ಹಾಗೆ. ಮುಚ್ಚಿದ ಬಾಗಿಲ ಹೊರಗೆ ನಿಂತು, "ಬಾಗ್ಲು ತಗಿ" ಎಂದೆ. ಒಳಗಿನಿಂದ ಅಜ್ಜಿ ನಿನ್ನ ಹೆಸರು ಹಿಡಿದೇ ಕೇಳಿದಳು, "ಮರಿತಾಯಿ, ಈಗ ಬಂದ್ಯಾ?"

ನಾನು ತಿದ್ದಲಿಲ್ಲ. "ಬಂದೆ ಕಣವ್ವ" ಎಂದೆ.