ಮುತಿಸೊ ಕನ್ನಡದಲ್ಲಿ ಹೇಳಿದ ಮಾತು

ರಂಗಣ್ಣ ಭಾವ,

ಹೋದ ದೀಪಾವಳಿ ಕಳೆದು ಹದಿನೈದು ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ, ನೈರೋಬಿ ಹೈರಿಡ್ಜಿನ ನಮ್ಮ ಕನ್ನಡ ಸಂಘದ ಮನೆಯಲ್ಲಿ ಅಧ್ಯಕ್ಷ ನಾಗಭೂಷಣ ಮೈಕಿನ ಮುಂದೆ ನಿಂತು ಎರಡು ಸುಳ್ಳು ಹೇಳಿದರು. ಹಿತ್ತಿಲಿನ ಸೌದೆ ಬಾಯ್ಲರು ಬಿರಿದದ್ದು ನೀವು ಮಾಡಿದ ಡಿಸೈನಿನ ದೋಷದಿಂದ ಎಂಬುದು ಒಂದು. ಅದನ್ನು ನೋಡಿಕೊಳ್ಳುತ್ತಿದ್ದ ಮುತಿಸೊ ಯಾರಿಗೂ ಎಚ್ಚರಿಕೆ ಕೊಡಲಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೀವು ಉತ್ತರ ಕೊಡಲಾರಿರಿ, ಸತ್ತಿದ್ದೀರಿ. ಎರಡನೆಯದಕ್ಕೆ ಮುತಿಸೊ ಉತ್ತರ ಕೊಡಲಾರ, ಅವನನ್ನು ಗೇಟಿನ ಒಳಗೇ ಬಿಡಲಿಲ್ಲ. ಉಳಿದವನು ನಾನು, ನಿಮ್ಮ ಹೆಂಡತಿಯ ತಮ್ಮ. ‘ಪೇಪರ್ ಓದಿ ಸಿಟ್ಟು ಮಾಡ್ಕೊಳ್ಳೋ ಗಿರಾಕಿ’ ಅಂತ ನೀವು ಆಡಿಕೊಳ್ಳುತ್ತಿದ್ದ ಅದೇ ನಾನು. ಈ ಸಲದ ಸಿಟ್ಟು ಪೇಪರಿನದಲ್ಲ.

ಆ ಬಾಯ್ಲರು ಹುಟ್ಟಿದ ವರ್ಷ ನೆನಪಿದೆಯೆ? ಎರಡು ಸಾವಿರದ ಇಸವಿ. ಮಳೆ ಕೈಕೊಟ್ಟು ನೈರೋಬಿಗೆ ಕರೆಂಟು ಸರದಿಯ ಮೇಲೆ ಬರುತ್ತಿತ್ತು. ಊರಿನಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದಿಳಿದವರು ಮನೆ ಸಿಗುವತನಕ ಸಂಘದ ಕೋಣೆಗಳಲ್ಲಿರುತ್ತಿದ್ದರು. ಜುಲೈ ಚಳಿಗೆ ತಣ್ಣೀರು ಹೊಯ್ದುಕೊಂಡು ಹಲ್ಲು ಕಡಿಯುತ್ತಿದ್ದರು. ಇಂಡಸ್ಟ್ರಿಯಲ್ ಏರಿಯಾದಲ್ಲಿ ನಿಮ್ಮ ಶಿಫ್ಟು ಮುಗಿದ ಮೇಲೆ ನೀವು ಲಾರಿಯಲ್ಲಿ ದಪ್ಪ ತಗಡು ಹೇರಿಸಿಕೊಂಡು ಬಂದಿರಿ. ಪೆಟ್ಟಿಗೆಯೊಳಗೆ ಪೆಟ್ಟಿಗೆ: ಒಳಗಡೆ ಬೆಂಕಿ, ಸುತ್ತ ನೀರು, ಮೇಲೆ ಚಿಮಣಿ. ಪಂಪಿಗೆ ಲಾರಿ ಬ್ಯಾಟರಿ. ಒಂದೂವರೆ ತಿಂಗಳು ಬೆಸುಗೆ ಹಾಕಿದಿರಿ. ಕೊನೆಗೆ ಬಿಸಿನೀರು ಬಂದ ಬೆಳಿಗ್ಗೆ ಎಲ್ಲರೂ ನಲ್ಲಿಯ ಮುಂದೆ ಸಾಲು ನಿಂತರೇ ಹೊರತು ಹಿತ್ತಿಲಿಗೆ ಬಂದು ಅದು ಹೇಗೆ ಕೆಲಸ ಮಾಡುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳಿದವನು ಮುತಿಸೊ ಒಬ್ಬ. ಗೇಟು ಕಾಯುತ್ತಿದ್ದ, ನನ್ನದೇ ವಯಸ್ಸಿನ ಮನುಷ್ಯ. ಅವನನ್ನು ಶೆಡ್ಡಿನ ಮುಂದೆ ನಿಲ್ಲಿಸಿ ಎರಡು ಥರ್ಮಾಮೀಟರು ತೋರಿಸಿ ನೀವು ಪಾಠ ಮಾಡಿದ್ದು ನನಗೆ ಕಿಟಕಿಯಿಂದ ಕೇಳುತ್ತಿತ್ತು. “ಹೋಗೋ ನೀರು ಎಂಬತ್ತು, ಬರೋ ನೀರು ಎಪ್ಪತ್ತು. ನಡುವೆ ಹತ್ತು ಡಿಗ್ರಿ. ಅಷ್ಟೇ ಸಂಸಾರ. ವ್ಯತ್ಯಾಸ ಜಾಸ್ತಿ ಆಯ್ತೋ, ನೀರು ಸರಿಯಾಗಿ ಹರೀತಿಲ್ಲ, ಜಾಲರಿ ತೊಳಿ. ಬರೋ ನೀರು ಅರವತ್ತಕ್ಕಿಂತ ಕೆಳಗೆ ಬಂತೋ, ಒಳಗೆ ಬೆವರುತ್ತೆ, ಕಬ್ಬಿಣ ತಿನ್ನುತ್ತೆ. ಮೇಲಕ್ಕೆ ಹೋಗೋಕೆ ಬಿಡಬೇಡ, ಇದು ಬೆಟ್ಟದ ಮೇಲಿನ ಊರು, ಇಲ್ಲಿ ತೊಂಬತ್ತೈದಕ್ಕೇ ಕುದಿಯುತ್ತೆ.” ನಿಮಗೆ ಸ್ವಾಹಿಲಿ ಅರ್ಧಂಬರ್ಧ. ಸಿಟ್ಟು ಬಂದರಂತೂ ಅಪ್ಪಟ ಮೈಸೂರು ಕನ್ನಡ. “ಬೆಂಕಿ ಇರೋವಾಗ ನೀರು ತೆಗೀಬೇಡ ಕಣೋ! ತಣ್ಣೀರು ಹಾಕಬೇಡ ಕಣೋ!” ದಿನಕ್ಕೆ ಎಷ್ಟು ಸಲ ಕಿರುಚುತ್ತಿದ್ದಿರಿ ಭಾವ? ಅವನು ನಗುತ್ತ, “ಸವಾ, ಫುಂಡಿ” ಅನ್ನುತ್ತಿದ್ದ. ಸವಾ ಅಂದರೆ ಆಗಲಿ; ಫುಂಡಿ ಎಂಬುದು ಇಲ್ಲಿ ಕೈಕಸುಬು ಬಲ್ಲವನಿಗೆ ಕೊಡುವ ಮರ್ಯಾದೆಯ ಹೆಸರು. ಇದೇ ಹೆಸರನ್ನು ಮುಂದೆ ನಾಗಭೂಷಣ ಹೇಗೆ ಬಳಸಿದರು ಎಂದು ಹೇಳುತ್ತೇನೆ, ತಾಳಿ.

ಮಟಾಟು ವ್ಯಾನುಗಳಿಗೆಲ್ಲ ಹಳದಿ ಪಟ್ಟೆ ಬಳಿದ ವರ್ಷ ನೀವು ಹೋದಿರಿ. ಬಾಯ್ಲರು ನಿಲ್ಲಲಿಲ್ಲ. ಮುತಿಸೊ ದಿನಕ್ಕೆ ಮೂರು ಸಲ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ: ಎಂಬತ್ತು, ಎಪ್ಪತ್ತು. ಎಂಬತ್ತೊಂದು, ಎಪ್ಪತ್ತೆರಡು. ನಿಮ್ಮ ತಿಥಿಯ ದಿನವೂ ಬರೆದಿದ್ದ.

ಇನ್ನು ಆ ಸಂಜೆ. ನೀರು ತುಂಬುವ ಹಬ್ಬ. ಮಾರನೆಯ ಮುಂಜಾನೆ ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಪಾರ್ಕ್‌ಲ್ಯಾಂಡ್ಸಿನ ಫ್ಲ್ಯಾಟುಗಳಿಂದ ಎಲ್ಲರೂ ಸಂಘದ ಮನೆಗೇ ಬರುವುದು ರೂಢಿಯಲ್ಲವೆ? ಅದಕ್ಕೆಂದು ಮುತಿಸೊ ಮಧ್ಯಾಹ್ನದಿಂದಲೇ ನೀಲಗಿರಿ ಸೌದೆ ಉರಿಸಿದ್ದ. ಹೆಂಗಸರು ಬಾಯ್ಲರಿಗೆ ಸುಣ್ಣದ ಪಟ್ಟೆ ಎಳೆದು, ಕುಂಕುಮವಿಟ್ಟು, ಚಿಮಣಿಗೆ ಚೆಂಡುಹೂವಿನ ಹಾರ ಹಾಕಿದ್ದರು. ನಮ್ಮ ಬಚ್ಚಲ ಹಂಡೆಯ ಹಾಗೇ ಕಾಣುತ್ತಿತ್ತು. ಅನಾಹುತವಾದದ್ದೂ ಅದರಿಂದಲೇ. ಎಲ್ಲರೂ ಅದನ್ನು ಹಂಡೆ ಅಂದುಕೊಂಡರು.

ನಾಗಭೂಷಣ ರೇಷ್ಮೆ ಪಂಚೆಯುಟ್ಟು ಬಂದು ಕೇಳಿದರು, “ಇದರ ವಾಟರ್ ಚೇಂಜ್ ಮಾಡಿ ಎಷ್ಟು ದಿನ ಆಯ್ತು?”

“ಆರು ವರ್ಷದಿಂದ ಅದೇ ನೀರು ಸಾರ್, ತುಕ್ಕು ಹಿಡೀದ ಹಾಗೆ ಮದ್ದು ಹಾಕಿರೋದಂತೆ,” ಎಂದರು ಯಾರೋ.

“ಸಿಕ್ಸ್ ಇಯರ್ಸ್! ಹಬ್ಬದ ದಿನ ಆರು ವರ್ಷದ ಹಳಸಲು ನೀರಲ್ಲಿ ಸ್ನಾನ ಮಾಡಿಸ್ತೀರೇನ್ರೀ ನಮ್ಮ ಜನಕ್ಕೆ? ಚೆಲ್ಲಿ ಅದನ್ನ. ಹೊಸ ನೀರು ತುಂಬೋದಕ್ಕೇ ಅಲ್ವೇನ್ರೀ ಹಬ್ಬ ಇರೋದು?”

ಬಾಯ್ಲರಿನ ನೀರು ಮೈಮೇಲೆ ಬೀಳುವ ನೀರೇ ಅಲ್ಲ. ಅದು ಕೊಳವೆಯೊಳಗೆ ಸುತ್ತಿ ಸುತ್ತಿ, ತೊಟ್ಟಿಯಲ್ಲಿರುವ ದಿನದಿನದ ಹೊಸ ನೀರಿಗೆ ತನ್ನ ಕಾವು ಕೊಟ್ಟು ವಾಪಸು ಬರುತ್ತದೆ. ಔಷಧಿ ಕಂಪನಿಯ ಜನರಲ್ ಮ್ಯಾನೇಜರಾದ ನಾಗಭೂಷಣರಿಗೆ ಇಷ್ಟು ಗೊತ್ತಿರಬೇಡವೆ? ಗೊತ್ತಿಲ್ಲದಿದ್ದರೆ ಕೇಳಬಾರದೆ? ಪಂಪಿನ ಸದ್ದು ಪೂಜೆಯ ಮಂತ್ರಕ್ಕೆ ಅಡ್ಡಿಯಾಗುತ್ತದೆ ಎಂದು ಮೊದಲು ಅದನ್ನು ಆರಿಸಿದರು. ನೀರು ಸುತ್ತುವುದು ನಿಂತಿತು. ಆಮೇಲೆ ಕೆಳಗಿನ ನಲ್ಲಿಗೆ ಕೈ ಹಾಕಿದರು.

ಆಗ ಮುತಿಸೊ ಸೌದೆಯ ರಾಶಿಯಿಂದ ಓಡಿ ಬಂದು, ನಲ್ಲಿಗೂ ಅಧ್ಯಕ್ಷರಿಗೂ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಕನ್ನಡದಲ್ಲಿ ಹೇಳಿದ. “ಬೆಂಕಿ ಇರೋವಾಗ ನೀರು ತೆಗೀಬೇಡ ಕಣೋ! ತಣ್ಣೀರು ಹಾಕಬೇಡ ಕಣೋ!”

ಏನಾಯಿತು ಗೊತ್ತೆ ಭಾವ? ಇಡೀ ಹಿತ್ತಿಲು ಚಪ್ಪಾಳೆ.

“ಅಯ್ಯಯ್ಯೋ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾನ್ರೀ!” “ನಮ್ಮ ಮಕ್ಕಳಿಗಿಂತ ಮೇಲು!” “ಇನ್ನೊಂದ್ಸಲ ಹೇಳಪ್ಪಾ, ಒನ್ಸ್ ಮೋರ್!” ನಾಗಭೂಷಣ ಅವನ ಬೆನ್ನು ತಟ್ಟಿ, “ಅಸಾಂಟೆ, ಅಸಾಂಟೆ” ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿ ಪಕ್ಕಕ್ಕೆ ಸರಿಸಿದರು. ಅವನು ಇನ್ನೊಂದು ಸಲ ಹೇಳಿದ. ಇನ್ನೂ ಜೋರು ಚಪ್ಪಾಳೆ. ನಾನೂ ತಟ್ಟಿದೆ. ಇದನ್ನು ನಿಮ್ಮಿಂದ ಬಚ್ಚಿಟ್ಟು ಪತ್ರ ಬರೆದರೆ ನನಗೂ ಆ ಮೈಕಿನವರಿಗೂ ಏನು ವ್ಯತ್ಯಾಸ?

ಹೆಂಗಸರ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ನನ್ನ ಅಕ್ಕ. “ತಡೀರೋ, ಅವನು ಹೇಳ್ತಿರೋದನ್ನ ಕೇಳ್ರೋ” ಎಂದದ್ದು ಆ ಗದ್ದಲದಲ್ಲಿ ಯಾರಿಗೂ ತಲುಪಲಿಲ್ಲ. ಆಮೇಲೆ ನನಗೆ ಹೇಳಿದಳು, “ಅದು ಅವರದೇ ದನಿ ಕಣೋ. ಆ ‘ಕಣೋ’ ಎಳೆಯೋದು ಕೂಡ.”

ನೀರು ಪೂರ್ತಿ ಇಳಿಯಿತು. ಒಳಗೆ ಕೆಂಡ ನಿಗಿನಿಗಿ. ಸುತ್ತ ನೀರಿಲ್ಲದ ಕಬ್ಬಿಣ ಎಷ್ಟು ಕಾದಿರಬೇಕು, ನೀವೇ ಲೆಕ್ಕ ಹಾಕಿ. ನಾಗಭೂಷಣ ಸ್ಟೂಲು ಹತ್ತಿ, ಮೇಲಿನ ಮುಚ್ಚಳ ತೆಗೆದು, ಬೆಳ್ಳಿ ಕಲಶದಿಂದ ಶಾಸ್ತ್ರಕ್ಕೆ ನೀರು ಬಿಟ್ಟರು. ಹಿಂದೆಯೇ ರಬ್ಬರು ಪೈಪಿನಿಂದ ತಣ್ಣೀರು. ಕೋವಿ ಹಾರಿದಂಥ ಸದ್ದು. ಅವರು ಕಿರುಚುವ ಮೊದಲೇ ಮುತಿಸೊ ಅವರ ಸೊಂಟಕ್ಕೆ ಕೈ ಹಾಕಿ ಕೆಳಗೆಳೆದಿದ್ದ. ಬಾಯ್ಲರಿನ ಬಾಯಿಂದ ನುಗ್ಗಿದ ಉಗಿ ಅವರ ಮುಖಕ್ಕೆ ತಗಲಬೇಕಾದದ್ದು ಇವನ ಬಲಗೈಗೆ ತಗಲಿತು, ಮೊಣಕೈವರೆಗೆ. ನಿಮ್ಮ ಬೆಸುಗೆಯೆಲ್ಲ ಗಟ್ಟಿಯಾಗಿಯೇ ಇತ್ತು ಭಾವ. ಬಿರಿದದ್ದು ತಗಡು.

ಹದಿನೈದು ದಿನದ ಮೇಲೆ ಸಭೆ. ನಾಗಭೂಷಣ ಅಂದರು, “ಲೇಟ್ ರಂಗಣ್ಣ ಒಳ್ಳೆಯವರೇ. ಆದ್ರೆ ಬಾಯ್ಲರ್ ಡಿಸೈನ್ ಅಂದ್ರೆ ಎಂಜಿನಿಯರ್ ಕೆಲಸ, ಫುಂಡಿ ಕೆಲಸ ಅಲ್ಲ.” ಮುಂದುವರಿದು, “ಆಪರೇಟರ್ ಒಂದು ವಾರ್ನಿಂಗ್ ಕೂಡ ಕೊಡಲಿಲ್ಲ. ಮೇಲಾಗಿ ಎಲ್ಲರೆದುರು ನನ್ನ ಮೈಮುಟ್ಟಿ ಎಳೆದಾಡಿದ.” ತಮ್ಮ ಮುಖ ಉಳಿಸಿದ ಕೈಯ ಮೇಲೆ ದೂರು! ಅಕ್ಕ ಮೊದಲ ಸಾಲಿನಲ್ಲಿ ಕೂತಿದ್ದಳು. ನಾನು ಎದ್ದು ಮಾತಾಡಹೋದರೆ, “ಟೈಮ್ ಆಯ್ತು, ಊಟ ತಣ್ಣಗಾಗ್ತಿದೆ” ಎಂದರು. ಶೆಡ್ಡಿನ ಗೋಡೆಗೆ ಆಗಲೇ ಸುಣ್ಣ ಬಳಿಸಿದ್ದರು. ಎಂಬತ್ತು, ಎಪ್ಪತ್ತು ಎಲ್ಲ ಹೋಗಿತ್ತು.

ಮುತಿಸೊನನ್ನು ನೋಡಲು ಕಾಂಗೆಮಿಯ ಅವನ ಕೋಣೆಗೆ ಅಕ್ಕ, ನಾನು ಹೋಗಿದ್ದೆವು. ಕೈ ವಾಸಿಯಾಗಿದೆ, ಚರ್ಮ ಮಾತ್ರ ಸುಟ್ಟ ಹಪ್ಪಳದ ಹಾಗೆ. ಅಕ್ಕನನ್ನು ಕಂಡು ಅವನೇ “ಪೋಲೆ, ಮಾಮಾ” ಎಂದು, ನೊಂದುಕೋಬೇಡಮ್ಮಾ ಎಂಬರ್ಥದಲ್ಲಿ, ಸಮಾಧಾನ ಹೇಳಿದ, ತಪ್ಪು ತನ್ನದೇ ಎಂಬಂತೆ. ಬಾಯ್ಲರ್ ಕೆಲಸ ಬಲ್ಲವನು, ಸಂಘದವರು ಕೆಲಸದಿಂದ ತೆಗೆದಾಗಿನಿಂದ ಖಾಲಿ ಕೂತಿದ್ದಾನೆ. ಇಂಡಸ್ಟ್ರಿಯಲ್ ಏರಿಯಾದ ಯಾವ ಗೇಟಿಗೆ ಹೋದರೂ ನಮ್ಮವರೇ ಒಬ್ಬ ಮ್ಯಾನೇಜರು. “ಓ, ಸಂಘದ ಬಾಯ್ಲರ್ ಒಡೆದವನಾ?” ಅಲ್ಲಿಗೆ ಮುಗಿಯಿತು. ನೀವು ಕಲಿಸಿದ ಕೆಲಸ ಅವನನ್ನು ಸಾಕುತ್ತದೆ ಎಂದು ನೀವು ಹೇಳಿದ್ದಿರಿ. ಆ ಮಾತು ಸುಳ್ಳಾಗಿರುವುದು ನಿಮ್ಮಿಂದಲ್ಲ, ಒಂದು ಮೈಕಿನಿಂದ.

ಈಗ ನಿಮಗೆ ತಿಳಿಯದ ಸುದ್ದಿ. ಹಬ್ಬದ ವಿಡಿಯೊ ತೆಗೆಸಿ, ಸಿ.ಡಿ. ಮಾಡಿಸಿ, ನಾಗಭೂಷಣರೇ ಮನೆಮನೆಗೆ ಹಂಚಿದ್ದಾರೆ. ಬಾಯ್ಲರು ಬಿರಿಯುವ ಭಾಗ ಕತ್ತರಿಸಿದ್ದಾರೆ. ಅದಕ್ಕೆ ಮುಂಚಿನದನ್ನು ಕತ್ತರಿಸಲು ಮನಸ್ಸು ಬಂದಿಲ್ಲ. ಕನ್ನಡ ಮಾತಾಡುವ ಮುತಿಸೊ ಅವರಿಗೆ ಅಷ್ಟು ಮುದ್ದು. ಎರಡು ಸಲವೂ ಅವನ ಮಾತು ಅಕ್ಷರ ಬಿಡದೆ ಕೇಳುತ್ತದೆ. ಚಪ್ಪಾಳೆ ತಟ್ಟುವ ನನ್ನ ಕೈಗಳೂ ಕಾಣುತ್ತವೆ.

ಈ ಪತ್ರದ ಪ್ರತಿಯನ್ನು ನಾಳೆ ಸಂಘದ ನೋಟಿಸ್ ಬೋರ್ಡಿಗೆ ಹಚ್ಚುತ್ತೇನೆ. ಕಿತ್ತರೆ ಮತ್ತೆ ಹಚ್ಚುತ್ತೇನೆ. ಅಲ್ಲಿ ಓದುವ ಅಧ್ಯಕ್ಷರೇ, ಇನ್ನು ಮುಂದಿನದು ನಿಮಗೆ. ಈ ಸಲದ ನೀರು ತುಂಬುವ ಹಬ್ಬದ ಸಂಜೆ, ಅದೇ ಹಿತ್ತಿಲಿನಲ್ಲಿ, ಮುತಿಸೊನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ನೀವೇ ಹಂಚಿದ ಆ ಸಿ.ಡಿ. ಹಾಕಿ. ಅವನ ಮಾತು ಮುಗಿಯುವಲ್ಲಿ ನಿಲ್ಲಿಸಿ. ಚಪ್ಪಾಳೆ ಬರುವ ಮೊದಲು ಮೈಕು ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಉತ್ತರ ಹೇಳಿ: ಅವನು ನಿಮಗೆ ಹೇಳಿದ್ದೇನು?