ಈ ಕೆಲಸಾನೇ ಯಾಕ ಬೇಕು

ಹತ್ತಿಕುಣಿ
ಗುರುವಾರ, ೨೧ ನವೆಂಬರ್ ೨೦೨೪

ಪ್ರೀತಿಯ ಯಂಕಮ್ಮ ವೈನಿಗೆ ನಿಮ್ಮ ನಾದಿನಿ ರೇವತಿಯ ನಮಸ್ಕಾರಗಳು.

ನಾನು, ಅವ್ವ ಇಬ್ಬರೂ ಆರಾಮ ಇದ್ದೇವೆ. ನೀವೂ ಕೆಂಭಾವಿಯ ನಿಮ್ಮ ತವರಿನವರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಯುಗಾದಿಗೆ ಬರೆಯುತ್ತೇನೆ ಎಂದವಳು ದೀಪಾವಳಿಯನ್ನೂ ದಾಟಿಸಿದೆ. ಬೈಯಿರಿ, ಬೈಸಿಕೊಳ್ಳುತ್ತೇನೆ. ಫೋನು ಮಾಡಿದರೆ ನಿಮ್ಮ ಅಪ್ಪ ಎತ್ತುತ್ತಾರೆ, ನನ್ನ ಹೆಸರು ಕೇಳಿದ ಕೂಡಲೇ ಇಟ್ಟುಬಿಡುತ್ತಾರೆ. ಅವರದೇನೂ ತಪ್ಪಿಲ್ಲ. ಅದಕ್ಕೇ ಈ ಪತ್ರವನ್ನು ಕೆಂಭಾವಿ ಬಸ್ಸಿನ ಕಂಡಕ್ಟರ್ ಅಂಬ್ರಪ್ಪ ಕಾಕಾನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾನೆ.

ಸುದ್ದಿ ಏನೆಂದರೆ, ಬರುವ ಸೋಮವಾರ ಶಹಾಪುರದಲ್ಲಿ ನನಗೆ ಸಂದರ್ಶನವಿದೆ. ಸಂಶೋಧನಾ ಸಹಾಯಕಿಯ ಕೆಲಸ. ಬೆಳೆಗೆ ಕೀಟನಾಶಕ ಸಿಂಪಡಿಸುವವರ, ಅಂದರೆ ನಮ್ಮ ಮಾತಿನಲ್ಲಿ ಎಣ್ಣಿ ಹೊಡೆಯುವವರ, ಆರೋಗ್ಯದ ಬಗ್ಗೆ ಅಧ್ಯಯನವಂತೆ. ಬಳಿಚಕ್ರದಿಂದ ಸುರಪುರದ ತನಕ ಊರೂರು ತಿರುಗಿ, ಅವರ ಜೊತೆ ಕೂತು, ಕೇಳಿ ಬರೆದುಕೊಳ್ಳಬೇಕು. ಇರುವುದು ಒಂದೇ ಹುದ್ದೆ. ಎಂ.ಎ. ಮುಗಿಸಿದಾಗಿನಿಂದ ಅವ್ವನ ಮಗ್ಗುಲಲ್ಲೇ ಕೂತವಳು ನಾನು. ಇದೂ ಸಿಗದಿದ್ದರೆ ಮುಂದೇನು ಎಂಬುದು ನನಗೆ ಗೊತ್ತಿಲ್ಲ.

ವೈನಿ, ನನಗೆ ಹೆದರಿಕೆಯಾಗಿದೆ. ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ. ಮೊದಲು ಇಂಗ್ಲಿಷಿಗೆ ಹೆದರಿದ್ದೆ. ಈಗ ಇಂಗ್ಲಿಷೇ ವಾಸಿ ಎನಿಸುವಂಥ ಇನ್ನೊಂದು ಹೆದರಿಕೆ ಹಿಡಿದಿದೆ.

ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಖಾಜಾಹುಸೇನ ಸರ್ ನಿಮಗೆ ನೆನಪಿರಬೇಕು, ನಿಮ್ಮ ಮದುವೆಗೆ ಬಂದಿದ್ದರು. ಯಾದಗಿರಿಯ ಅವರ ಮನೆಯಲ್ಲೇ ನನ್ನ ತಯಾರಿ ನಡೆದಿದೆ. ಪಡಸಾಲೆಯಲ್ಲಿ ನನಗೊಂದು ಕುರ್ಚಿ ಹಾಕಿ, ಎದುರಿಗೆ ಸರ್ ಸಾಹೇಬರ ಹಾಗೆ ಕೂರುತ್ತಾರೆ. ಅವರ ಹೆಂಡತಿ ಮದೀನಾಬೀ ಇನ್ನೊಬ್ಬ ಸಾಹೇಬರು. ನಾನು ಬಾಗಿಲು ಬಡಿದು, ಅಪ್ಪಣೆ ಕೇಳಿ ಒಳಗೆ ಬರಬೇಕು. ಮೊದಲ ದಿನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದೆ. "ಅಲ್ಲಿ ಚಪ್ಪಲಿ ಬಿಡಬ್ಯಾಡ ಬೇಟಿ, ಸಾಹೇಬ್ರು ದರ್ಗಾದಾಗ ಕುಂತಿರಂಗಿಲ್ಲ" ಎಂದು ಮದೀನಾಬೀ ನಕ್ಕರು. ನಾನೂ ನಕ್ಕೆ. ನಕ್ಕಿದ್ದು ಅಷ್ಟೇ.

"ಈ ಕೆಲಸಾನೇ ಯಾಕ ಬೇಕು ನಿನಗ?" ಎಂದು ಸರ್ ಕೇಳಿದರು. ಬಾಯಿಪಾಠ ಮಾಡಿದ್ದೆಲ್ಲ ಮರೆತೇಹೋಯಿತು. ಬಾಲರಾಜಣ್ಣ ಹತ್ತಿಗೆ ಎಣ್ಣಿ ಹೊಡೆಯಲು ಹೋದದ್ದು, ನಾವಿಬ್ಬರೂ ಅವನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೊರಟದ್ದು, ದಾರಿಯಲ್ಲೇ ಅವನ ಜೀವ ಹೋದದ್ದು, ಎಲ್ಲ ಹೇಳಿಬಿಟ್ಟೆ. ಮದೀನಾಬೀ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಸರ್, "ಇದನ್ನ ಹಿಂಗೇ ಹೇಳು. ಕೆಲಸ ಎಲ್ಲೀ ಹೋಗಂಗಿಲ್ಲ" ಎಂದರು.

ಅಲ್ಲಿಂದ ದಿನಾ ಹೇಳಿಸುತ್ತಾರೆ. "ಉದ್ದ ಆಯ್ತು." "ದವಾಖಾನಿದು ಮೊದಲ ಹೇಳಬ್ಯಾಡ." "ಬಾಲರಾಜ ಅನ್ನಬ್ಯಾಡ, ನಮ್ಮಣ್ಣ ಅನ್ನು." ಅವರ ಮನಸ್ಸು ಒಳ್ಳೆಯದು, ನಾನು ದಡ ಮುಟ್ಟಲಿ ಎಂದೇ ಮಾಡುತ್ತಾರೆ. ನಿನ್ನೆ ನಾನು ಹೇಳುತ್ತಿರುವಾಗಲೇ ಮದೀನಾಬೀ ಎದ್ದು, ಹಾಲು ಉಕ್ಕಿತೇನೋ ಎಂದು ಒಳಗೆ ಹೋದರು. ನನಗೂ ಅಳು ಬರಲಿಲ್ಲ. ಎಲ್ಲಿ ತಡೆಯಬೇಕೋ ಅಲ್ಲಿ ತಡೆದು, ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಸಿ ಮುಗಿಸಿದೆ. ಸರ್ "ಶಾಬಾಸ್" ಎಂದರು. ಊರಿಗೆ ಬರುವ ಬಸ್ಸಿನಲ್ಲಿ ನನಗೆ ನನ್ನನ್ನು ಕಂಡರೇ ಹೆದರಿಕೆಯಾಯಿತು.

ಇನ್ನು ಅವ್ವ. ಅವಳು ಸಂದರ್ಶನವನ್ನು ಪಂಚಾಯ್ತಿ ಎಂದು ತಿಳಿದಿದ್ದಾಳೆ. ಅಣ್ಣ ಹೊಡೆಯುವಾಗ ಎಣ್ಣಿ ತಾಕಿ ಸತ್ತನೋ, ನಿಮ್ಮ ಕೂಡ ಜಗಳಾಡಿ ತಾನೇ ಆ ವಿಷ ಕುಡಿದು ಸತ್ತನೋ ಎಂದು ಊರು ಇನ್ನೂ ಆಡಿಕೊಳ್ಳುತ್ತದಲ್ಲ, ಶಹಾಪುರದ ಸಾಹೇಬರು ಅದನ್ನು ಬಗೆಹರಿಸುತ್ತಾರೆ ಎಂದು ಅವಳ ನಂಬಿಕೆ. "ನನ್ನ ಮಗ ಕುಡದಿಲ್ಲ ಅಂತ ಹೇಳು. ಬರಕೊಳ್ರಿ ಅನ್ನು. ಬರಕೊಂಡ ಮ್ಯಾಲೇ ಎದ್ದು ಬಾ" ಎನ್ನುತ್ತಾಳೆ. ಹಾಗಲ್ಲವ್ವಾ, ಅವರು ಕೆಲಸಕ್ಕೆ ಜನ ಆರಿಸುವವರು ಎಂದರೆ, "ಅಷ್ಟು ಓದಿದವ್ರು ಕೇಳಾಕತ್ತಾರಂದ್ರ ಸುಮ್ಮನ ಕೇಳ್ತಾರೇನು?" ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ. ತಾನೂ ಬರುತ್ತೇನೆಂದು ಹಟ ಹಿಡಿದು, ಹೊರಗೆ ಹೋಗುವಾಗ ಉಡುವ ಸೀರೆ ತೆಗೆದಿಟ್ಟಿದ್ದಾಳೆ. "ಯಂಕಮ್ಮನ್ನೂ ಕರಿ, ಆಕಿ ಮ್ಯಾಲಿನ ಅಪವಾದನೂ ಹೋಗ್ಲಿ" ಎಂದು ಇವತ್ತು ಬೆಳಿಗ್ಗೆ ಅಂದಳು. ನೀವು ತವರಿಗೆ ಹೋದ ಮೇಲೆ ಅವಳ ಬಾಯಲ್ಲಿ ನಿಮ್ಮ ಹೆಸರು ಕೇಳಿದ್ದು ಇದೇ ಮೊದಲು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದೆ.

ನನಗೆ ಆ ಕೆಲಸ ಬೇಕು ವೈನಿ, ಬೇಕೇ ಬೇಕು. ಅಣ್ಣನ ಸಾವು ಹೇಳದಿದ್ದರೆ ನನಗದು ಸಿಗುವುದಿಲ್ಲ. ಹೇಳಿ ಸಿಕ್ಕರೆ ನಿಮಗೆ ಹೇಗೆ ಮುಖ ತೋರಿಸಲಿ? ಬೇಡ ಎನ್ನುವ ಹಕ್ಕು ಯಾರಿಗಾದರೂ ಇದ್ದರೆ ಅದು ನಿಮಗೆ. ನೀವು ಬೇಡ ಎಂದರೆ ಹೇಳುವುದಿಲ್ಲ.

ಚಳಿ ಶುರುವಾಗಿದೆ, ಮೈ ಜೋಪಾನ. ಮನೆಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿರಿ, ಅವರು ಸಿಟ್ಟಾದರೂ ಸರಿ. ಸೋಮವಾರ ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ
ರೇವತಿ

ತಾ.ಕ.: ಪತ್ರ ಮಡಚಿಟ್ಟವಳು ಮತ್ತೆ ಬಿಚ್ಚಿದ್ದೇನೆ. ಎರಡನೆಯ ದಿನ ಸರ್, "ಟಂಟಂದಾಗ ಅವ ಏನರ ಅಂದನೇನು?" ಎಂದು ಕೇಳಿದ್ದರು. "ಗಾಳಿ ತಿರುಗಿ ಎಣ್ಣಿ ಮಾರಿಗೆ, ಕಣ್ಣಿಗೆ ಬಡೀತು ಅಂದ" ಎಂದೆ. ಎಲ್ಲಿಂದ ಬಂತೋ, ಬಾಯಿಗೆ ಬಂತು. ಆವತ್ತಿನಿಂದ ದಿನಾ ಅದನ್ನೇ ಹೇಳುತ್ತಿದ್ದೇನೆ. ಈಗ ಅಣ್ಣ ಹಾಗೆ ಅನ್ನುವುದು ನನಗೆ ಕಾಣುತ್ತದೆ, ಅವನ ದನಿಯೂ ಕೇಳುತ್ತದೆ. ಆದರೆ ನಾನು ಅವನ ಕಾಲ ಕಡೆ ಕೂತಿದ್ದೆ. ತುಟಿ ಅಲುಗಿದ್ದು ನೋಡಿದೆ, ಮಾತು ಕೇಳಲಿಲ್ಲ. ಅವನ ತಲೆ ನಿಮ್ಮ ತೊಡೆಯ ಮೇಲಿತ್ತು. ಊರೆಲ್ಲ ನಿಮ್ಮ ಮೇಲೆ ಮಾತಾಡಿತು, ಯಾರೂ ನಿಮ್ಮನ್ನು ಕೇಳಲಿಲ್ಲ. ಹೆದರಿ ನಾನೂ ಕೇಳಲಿಲ್ಲ. ಅಂಬ್ರಪ್ಪ ಕಾಕಾ ಶನಿವಾರ ತಿರುಗಿ ಬರುತ್ತಾನೆ. ಏನೇ ಇರಲಿ, ಬರೆದು ಅವನ ಕೈಗೆ ಕೊಡಿರಿ. ಅಣ್ಣ ಏನೆಂದ, ವೈನಿ?