ಅಕ್ಕನ ದನಿ

ಜೂನ್ ೧೦, ಸೋಮವಾರ

ಮತ್ತೆ ಚಹಾ. ಎರಡು ಸಲ ಮಾಡಿದೆ. ಮೊದಲನೆಯದನ್ನು ಅತ್ತೆ ಮುಟ್ಟಲಿಲ್ಲ.

"ಉಮಾ ಶುಂಠಿ ಹಾಕ್ತಿರಲಿಲ್ಲವ್ವ. ಯಾಲಕ್ಕಿ ಹಾಕ್ತಿದ್ಳು."

ಬೈಯಲಿಲ್ಲ. ಬೈದಿದ್ದರೆ ತಿರುಗಿ ಅಂದುಬಿಡುತ್ತಿದ್ದೆ. ಮೆಲ್ಲಗೆ ಅಂದು ಕಣ್ಣೊರೆಸಿಕೊಂಡರು. ಯಾಲಕ್ಕಿ ಜಜ್ಜಿ ಮತ್ತೆ ನೀರಿಟ್ಟೆ.

ಉಮಾ ಅಕ್ಕ ಕಾಮಾಲೆಯಾಗಿ ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ಹುಮನಾಬಾದಿನ ಅವಳ ಮನೆಗೆ ನಾನು ಸೊಸೆಯಾಗಿ ಬಂದು ಒಂದೂವರೆ ತಿಂಗಳು. ಅಕ್ಕನ ಮಗಳು ಸಾಕ್ಷಿಗೆ ತಾಯಿ ಬೇಕು, ಹೊರಗಿನವಳು ಬಂದರೆ ಹೇಗೋ ಏನೋ — ಎರಡೂ ಕಡೆ ಇದೇ ಮಾತು. ಹೂಂ ಅಂದೆ. ಆ ಹುಡುಗಿಯ ಮುಖ ನೋಡಿ ಅಂದೆ.

ಜೂನ್ ೨೩

ಬಸವಕಲ್ಯಾಣದಲ್ಲಿ ಅಣ್ಣನ ಬಟ್ಟೆ ಅಂಗಡಿಯಲ್ಲಿ ಕೂತು ಗಿರಾಕಿಗಳ ಜೊತೆ ವಾದಕ್ಕಿಳಿಯುತ್ತಿದ್ದವಳು ನಾನು. ಇಲ್ಲಿ ಹಾಲಿನವನ ಮೇಲೆ ಸ್ವಲ್ಪ ದನಿಯೇರಿಸಿದೆ. ನೀರು ಬೆರೆಸಿದ್ದ. ಒಳಗೆ ಬಂದರೆ ಸಾಕ್ಷಿ ಬಾಗಿಲ ಹಿಂದೆ. ಅಂಜಿದ್ದಳು.

"ನಮ್ಮವ್ವ ಒದರ್ತಿರಲಿಲ್ಲ."

ಇನ್ನು ಒದರುವುದಿಲ್ಲ.

ಜುಲೈ ೧೪

ಅಕ್ಕನ ಹಸಿರು ಇಳಕಲ್ ಸೀರೆ ಉಟ್ಟೆ. ಅತ್ತೆಯೇ ಟ್ರಂಕಿನಿಂದ ತೆಗೆದುಕೊಟ್ಟರು. ಇವರು — ಇನ್ನೂ ಭಾವ ಅಂತಲೇ ಬಾಯಿಗೆ ಬರುತ್ತದೆ — ಊಟಕ್ಕೆ ಕೂತಾಗ ತಲೆಯೆತ್ತಿ ನೋಡಿದರು. ಮದುವೆಯಾದ ಮೇಲೆ ಮೊದಲ ಸಲ.

"ಇನ್ನೊಂದು ರೊಟ್ಟಿ ಹಾಕು."

ಅಷ್ಟೇ. ಅಷ್ಟಕ್ಕೇ ದಿನವಿಡೀ ಮನಸ್ಸು ಹಗುರ. ಬರೆಯಲು ನಾಚಿಕೆ. ನಾಳೆಯೂ ಅವಳದೇ ಒಂದು ಉಡುತ್ತೇನೆ.

ನವೆಂಬರ್ ೧೭

ಬಹಳ ದಿನ ಬರೆದಿಲ್ಲ. ಎಲ್ಲ ಸುಸೂತ್ರ. ಸಾಕ್ಷಿ ಅವ್ವ ಅನ್ನುತ್ತಾಳೆ. ಪಕ್ಕದ ಮನೆಯ ಗಯಾಬಾಯಿ ಅತ್ತೆಗೆ ಹೇಳುತ್ತಿದ್ದಳು, "ಥೇಟ್ ಉಮಾನ ಹಂಗ ಆಗ್ಯಾಳ ನೋಡ್ರಿ. ದನೀನೂ ಅದೇ."

ಹೊಗಳಿಕೆಯೇ. ನಕ್ಕೆ. ಸೆರಗು ಬಾಯಿಗೆ ಅಡ್ಡ ಹಿಡಿದು... ಅಕ್ಕ ನಗುತ್ತಿದ್ದ ಹಾಗೆ. ಯಾವಾಗ ಕಲಿತೆ?

ಅಣ್ಣ ಧನರಾಜನ ಫೋನ್ ಬಂದಿತ್ತು. "ಅವ್ವಗ ಈಗೀಗ ಗುರುತು ತಪ್ಪಾಕತ್ತದ, ವಿಜಿ. ಒಮ್ಮೆ ಬಂದು ಹೋಗು."

ನವೆಂಬರ್ ೨೪, ಸಂಜೆ

ತವರಿಗೆ, ಬಸವಕಲ್ಯಾಣಕ್ಕೆ ಹೋಗಿ ಬಂದೆ.

ಅವ್ವ ಹೊರಸಿನ ಮೇಲೆ ಕೂತಿದ್ದಳು. "ಅವ್ವಾ, ನಾನು" ಅಂದೆ. ಮುಖ ಅರಳಿತು.

"ಉಮಾ, ಬಂದೇನವ್ವ?"

ಅಣ್ಣ ತಿದ್ದಲು ಹೋದ. ಬೇಡ ಅಂತ ಕೈ ಮಾಡಿದೆ. ಮಗಳು ಸತ್ತದ್ದನ್ನು ಅವಳಿಗೆ ಇನ್ನೊಮ್ಮೆ ಹೇಳುವುದೇ?

ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದಳು. ಮೊಮ್ಮಗಳು, ಅಳಿಯ, ಬೀಗತಿ, ಎಲ್ಲರನ್ನೂ ವಿಚಾರಿಸಿದಳು. ಅಕ್ಕನಾಗಿಯೇ ಉತ್ತರ ಕೊಟ್ಟೆ. ಕಷ್ಟವೇ ಆಗಲಿಲ್ಲ.

ಹೊರಡುವಾಗ ಬಾಗಿಲ ಕಡೆ ನೋಡುತ್ತ ಕೇಳಿದಳು, "ವಿಜಿ ಎಲ್ಲಿ ಹೋಗ್ಯಾಳ? ಎಷ್ಟ್ ದಿನ ಆತು, ಮನ್ಯಾಗ ಅಕಿ ಗದ್ದಲಾನೇ ಇಲ್ಲ. ನಿನಗ ಎಲ್ಲೆರ ಸಿಕ್ಕಿದ್ಳೇನು?"

"ಇಲ್ಲವ್ವ."

"ಸಿಕ್ಕರ ಕಳಸು. ಯಾರೂ ಬೈಯಾಂಗಿಲ್ಲ ಅಂತ ಹೇಳು."

"ಹೇಳ್ತೀನವ್ವ."

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನಿಂದ ಅಣ್ಣ "ವಿಜಿ" ಅಂತ ಕರೆದನಂತೆ. ಎರಡು ಸಲ. ನನ್ನನ್ನು ಕರೆದದ್ದು ಅಂತ ಹೊಳೆಯಲೇ ಇಲ್ಲ.